ಸತ್ತರೂ ಸಾವಿರ ಹೊನ್ನು

ಆನೆ ಇದ್ದರೂ ಸಾವಿರ ಹೊನ್ನು, ಸತ್ತರೂ ಸಾವಿರ ಹೊನ್ನು ಎಂಬ ನಮ್ಮ ಗಾದೆಯನ್ನು ಅಮೆರಿಕದ ಸರ್ಕಸ್ ಸಾಹುಕಾರ ಬಾರ್ನಮ್ ಕೇಳಿರಲಿಕ್ಕಿಲ್ಲ. ಆದರೆ ಅವನಷ್ಟು ಶ್ರದ್ಧೆಯಿಂದ ಅದನ್ನು ಪಾಲಿಸಿದವರು ಇನ್ನೊಬ್ಬರಿಲ್ಲ.

1885ರಲ್ಲಿ ಕೆನಡಾದಲ್ಲಿ ಅವನ ಹೆಸರಾಂತ ಆನೆ ಜಂಬೋ ರೈಲಿಗೆ ಸಿಕ್ಕಿ ಸತ್ತಿತು. ಸತ್ತ ಪ್ರಾಣಿಗಳನ್ನು ಪ್ರದರ್ಶನಕ್ಕೆ ಸಿದ್ಧಪಡಿಸುವ ರಾಚೆಸ್ಟರಿನ ವಾರ್ಡ್ ಸಂಸ್ಥೆಯವರು ಚಾಕು ಚೂರಿ ಹಿಡಿದು ಓಡಿಬಂದರು. ಗುಂಪಿನಲ್ಲಿ, ಮುಂದೆ ಇದೇ ಕಸುಬಿನಲ್ಲಿ ಹೆಸರಾದ, 21ರ ಹುಡುಗ ಕಾರ್ಲ್ ಏಕ್ಲಿಯೂ ಇದ್ದ. ಹೊಟ್ಟೆ ಬಗೆದರೆ ಚಿಲ್ಲರೆ ಕಾಸು, ಬೀಗದ ಕೈ, ರಿವೆಟ್, ಪೊಲೀಸ್ ಸೀಟಿ! ಹುಂಡಿಗೂ ಇಷ್ಟು ವೈವಿಧ್ಯದ ಕಾಣಿಕೆ ಬೀಳುವುದಿಲ್ಲ.

ಚರ್ಮವೇ ಸುಮಾರು 700 ಕಿಲೋ. ಅದನ್ನು ಹದಮಾಡಿ, ಒಳಮೈ ಹೆರೆದು ತೆಳುವಾಗಿಸಿ, ಮರದ ಹಲಗೆಗಳಿಂದ ಕಟ್ಟಿದ ಆನೆಯಾಕಾರದ ಮೇಲೆ ಹೊದಿಸಿ, ಸಾವಿರಾರು ಮೊಳೆ ಹೊಡೆಯಬೇಕಿತ್ತು. ಬಾರ್ನಮನದು ಒಂದೇ ವರಾತ: ‘ಇನ್ನಷ್ಟು ಎತ್ತರ ಮಾಡಿ!’ ಬದುಕಿದ್ದಾಗ ಬೆಳೆಯದ ಎತ್ತರಕ್ಕೆ ಜಂಬೋ ಸತ್ತ ಮೇಲೆ ಬೆಳೆಯಿತು.

ಚರ್ಮದ ಜಂಬೋ ಒಂದು, ಮೂಳೆಯ ಜಂಬೋ ಒಂದು. ಒಂದೇ ಆನೆಗೆ ಎರಡು ಪ್ರದರ್ಶನ! ಸರ್ಕಸ್ ಸುತ್ತಾಟ ಮುಗಿದ ಮೇಲೆ ಮೂಳೆ ನ್ಯೂಯಾರ್ಕಿನ ಮ್ಯೂಸಿಯಮ್ಮಿಗೆ ಹೋಯಿತು, ಚರ್ಮ ಟಫ್ಟ್ಸ್ ಕಾಲೇಜು ಸೇರಿತು. ಪರೀಕ್ಷೆಗೆ ಮುಂಚೆ ಹುಡುಗರು ಅದರ ಸೊಂಡಿಲಿಗೆ ಕಾಸು ಹಾಕಿ ಬಾಲ ಎಳೆಯುತ್ತಿದ್ದರು. ಗಣಪತಿಗೆ ಅಲ್ಲೂ ಬಿಡುವಿಲ್ಲ ನೋಡಿ.

1975ರಲ್ಲಿ ಬೆಂಕಿ ಬಿದ್ದು ಜಂಬೋ ಬೂದಿಯಾಯಿತು. ಆ ಬೂದಿ ಕಡಲೆಕಾಯಿ ಬೆಣ್ಣೆಯ ಡಬ್ಬಿಯೊಂದರಲ್ಲಿ ಈಗಲೂ ಅದೇ ಕಾಲೇಜಿನಲ್ಲಿದೆ.