ರೇಡಿಯೇಟರ್ ರಾಯರು

ಡೆಟ್ರಾಯಿಟ್ ಸುತ್ತಮುತ್ತಲ ಕನ್ನಡಿಗರು ಯುಗಾದಿಗೆ ಒಂದೆಡೆ ಸೇರಿದಾಗ ಒಳಗೆ ಹಾಡು, ಹರಟೆ, ಹೋಳಿಗೆ. ಹೊರಗೆ ಪಾರ್ಕಿಂಗ್ ಲಾಟಿನಲ್ಲಿ ಮಾತ್ರ ರೇಷ್ಮೆ ಜುಬ್ಬ ತೊಟ್ಟವರೊಬ್ಬರು ಮೊಬೈಲ್ ಟಾರ್ಚ್ ಹಿಡಿದು, ಯಾರದೋ ಕಾರಿನ ಬಾನೆಟ್ಟಿನೊಳಗೆ ಅರ್ಧ ಮೈ ತೂರಿಸಿರುತ್ತಾರೆ. ಅವರೇ ರೇಡಿಯೇಟರ್ ರಾಯರು. ಹೊಟ್ಟೆಪಾಡಿಗೆ ಯಾವುದೋ ಬ್ಯಾಂಕಿನ ಡೇಟಾಬೇಸ್ ಕಾಯುತ್ತಾರೆ. ಅದನ್ನು ಯಾರಾದರೂ ಕೇಳಿದರೆ ಮಾತ್ರ ಹೇಳುತ್ತಾರೆ. ಗೇರ್‌ಬಾಕ್ಸ್ ವಿಷಯವನ್ನು ಕೇಳದೆಯೂ ಹೇಳುತ್ತಾರೆ.

ಗ್ಯಾರೇಜಿನವರ ಕೂಲಿ ಗಂಟೆಗೆ ನೂರು ಡಾಲರ್ ದಾಟುವ ದೇಶದಲ್ಲಿ ಎಲ್ಲರೂ ಸ್ವಲ್ಪಸ್ವಲ್ಪ ಮೆಕ್ಯಾನಿಕ್ಕುಗಳೇ. ಆದರೆ ಉಳಿದವರು ವೈಪರ್ ಬದಲಾಯಿಸಿ, ಏರ್ ಫಿಲ್ಟರ್ ಒದರಿ ಸುಮ್ಮನಾಗುತ್ತಾರೆ. ರಾಯರು ಒಂದೇ ಕಾಯಿಲೆಯ ತಜ್ಞರು. ಗೇರ್‌ಬಾಕ್ಸ್ ಆಯಿಲ್ ಮತ್ತು ಕೂಲೆಂಟ್ ಒಂದಕ್ಕೊಂದು ಬೆರೆಯುವ ಕಾಯಿಲೆ ಅದು. "ನಲವತ್ತು ಮೈಲಿ ಸ್ಪೀಡಲ್ಲಿ ಗಾಡಿ ಗಡಗಡ ಅನ್ನುತ್ತಾ?" ಎಂದು ವಿಚಾರಿಸುತ್ತಾರೆ. ಇಲ್ಲ ಎಂದರೆ ಮುಖ ಬಾಡುತ್ತದೆ.

ಊಟದ ಹೊತ್ತಿಗೂ ಬಿಡುವುದಿಲ್ಲ. ಭಾಗಭಾಗ ಮಾಡಿದ ಕಾಗದದ ತಟ್ಟೆ ಎಳೆದುಕೊಂಡು, "ನೋಡಿ, ಈ ಕಡೆ ಸಾರು, ಕೂಲೆಂಟ್ ಅಂತಿಟ್ಕೊಳ್ಳಿ. ಆ ಕಡೆ ಪಾಯಸ, ಗೇರ್‌ಬಾಕ್ಸ್ ಆಯಿಲ್. ಮಧ್ಯೆ ಈ ಒಂದೇ ಗೋಡೆ" ಎನ್ನುತ್ತ ಫೋರ್ಕಿನಿಂದ ಗೋಡೆಗೆ ತೂತು ಕೊರೆಯುತ್ತಾರೆ. ಸಾರು ಪಾಯಸಕ್ಕೆ ನುಗ್ಗುತ್ತದೆ. ತಟ್ಟೆ ರಾಯರದಲ್ಲ, ಎದುರು ಕೂತವರದು. ಈ ಸಲ ಎದುರು ಕೂತಿದ್ದಾಕೆ ಕಾರು ಕಂಪನಿಯಲ್ಲಿ ಗೇರ್‌ಬಾಕ್ಸ್ ವಿನ್ಯಾಸ ಮಾಡುವ ಇಂಜಿನಿಯರ್. ಹೆಣ್ಣುಮಗಳು ಕೆಟ್ಟ ಪಾಯಸ ನೋಡುತ್ತ "ಹೌದಾ ಸರ್?" ಎಂದಳು. ಅರ್ಧ ಗಂಟೆಯಾದ ಮೇಲೆ ರಾಯರು "ನೀನೇನು ಕೆಲಸ ಮಾಡ್ತೀಯಮ್ಮ?" ಎಂದರು. "ಟ್ರಾನ್ಸ್‌ಮಿಷನ್ ಸರ್." "ಓ, ನಮ್ಮ ಕೆಪಿಟಿಸಿಎಲ್ ಥರ! ಒಳ್ಳೇದಮ್ಮ, ಕರೆಂಟಿನ ಕಡೆ ಕೆಲಸಕ್ಕೆ ಯಾವತ್ತೂ ತೊಂದರೆ ಇಲ್ಲ."

ಹಾಗಂತ ರಾಯರು ಹೇಳುವುದು ಸುಳ್ಳಲ್ಲ, ಅದೇ ತಾಪತ್ರಯ. ಎಷ್ಟೋ ಆಟೊಮ್ಯಾಟಿಕ್ ಗಾಡಿಗಳಲ್ಲಿ ಗೇರ್‌ಬಾಕ್ಸಿನ ಬಿಸಿ ಎಣ್ಣೆಯನ್ನು ತಣಿಸುವ ಪುಟ್ಟ ಕೂಲರನ್ನು ರೇಡಿಯೇಟರಿನ ಟ್ಯಾಂಕಿನೊಳಗೇ ಕೂರಿಸಿರುತ್ತಾರೆ. ಅದು ಬಿರುಕು ಬಿಟ್ಟರೆ ಕೆಂಪು ಎಣ್ಣೆಗೆ ನೀರು ಸೇರಿ ಗುಲಾಬಿ ಬಣ್ಣದ ಕೆನೆಯಾಗುತ್ತದೆ. ಅಮೆರಿಕದ ಮೆಕ್ಯಾನಿಕ್ಕುಗಳು ಇದನ್ನು ಸ್ಟ್ರಾಬೆರಿ ಮಿಲ್ಕ್‌ಶೇಕ್ ಎಂದೇ ಕರೆಯುತ್ತಾರೆ. ಗೇರ್‌ಬಾಕ್ಸಿನ ಕ್ಲಚ್ ಪ್ಲೇಟುಗಳಿಗೆ ಕಾಗದದಂಥ ಪದರವನ್ನು ಅಂಟಿನಿಂದ ಕೂಡಿಸಿರುತ್ತಾರೆ. ಕೂಲೆಂಟಿನಲ್ಲಿರುವ ನೀರೂ ಗ್ಲೈಕಾಲೂ ತಾಗಿದರೆ ಆ ಪದರ ಕಿತ್ತು ಬರುತ್ತದೆ. ಕೆಲವು ನೂರು ಡಾಲರಿನ ರೇಡಿಯೇಟರು ಕೆಲವು ಸಾವಿರ ಡಾಲರಿನ ಗೇರ್‌ಬಾಕ್ಸನ್ನು ಮುಗಿಸುವುದು ಹೀಗೆ. 2005ರಿಂದ 2010ರವರೆಗಿನ ನಿಸಾನ್ ಪಾತ್‌ಫೈಂಡರ್, ಎಕ್ಸ್‌ಟೆರಾ, ಫ್ರಾಂಟಿಯರ್ ಗಾಡಿಗಳಲ್ಲಿ ಇದರ ದೂರು ಎಷ್ಟಾಯಿತೆಂದರೆ ಕಂಪನಿ ವಾರಂಟಿಯನ್ನು 8 ವರ್ಷ ಅಥವಾ 80,000 ಮೈಲಿಗೆ ಏರಿಸಿತು. ಗಿರಾಕಿಗಳು ಕೋರ್ಟಿಗೂ ಹೋದರು. ರಾಯರಿಗೆ ಇದೆಲ್ಲ ವಿಷ್ಣು ಸಹಸ್ರನಾಮಕ್ಕಿಂತ ಚೆನ್ನಾಗಿ ಬಾಯಿಪಾಠ.

ಕಂದು ನೊರೆ ತೋರಿಸಿದರೆ ರಾಯರು ತಿರುಗಿಯೂ ನೋಡುವುದಿಲ್ಲ. "ಇದು ಕಾಫಿ ಬಣ್ಣ. ಎಂಜಿನ್ ಆಯಿಲ್ ಸೇರಿದೆ. ಹೆಡ್ ಗ್ಯಾಸ್ಕೆಟ್ ನೋಡಿಸ್ಕೊಳ್ಳಿ. ಇದನ್ನ ಯಾರು ಬೇಕಾದ್ರೂ ಹೇಳ್ತಾರೆ." ಅವರಿಗೆ ಗುಲಾಬಿಯೇ ಆಗಬೇಕು. ಅವರ ಗ್ಯಾರೇಜಿನ ಶೆಲ್ಫಿನಲ್ಲಿ ಉಪ್ಪಿನಕಾಯಿ ಬಾಟಲಿಗಳ ಸಾಲಿದೆ. ಒಂದೊಂದರಲ್ಲೂ ಒಂದೊಂದು ಗಾಡಿಯ ಸ್ಯಾಂಪಲ್, ಮೇಲೆ ಚೀಟಿ. ಮೈಸೂರಿನಿಂದ ಬಂದ ಅತ್ತೆಯವರು ನೋಡಿ "ಇದೇನು ಅಳಿಯಂದ್ರೇ, ರೋಸ್ ಮಿಲ್ಕಾ?" ಎಂದರಂತೆ. ಗ್ಲೈಕಾಲ್ ಸಿಹಿಯಾಗಿದ್ದರೂ ವಿಷ, ನಾಯಿಗಳು ನೆಕ್ಕಿ ಸಾಯುತ್ತವೆ ಎಂದು ರಾಯರು ಸಂತೋಷದಿಂದ ವಿವರಿಸಿದರು. ಅತ್ತೆಯವರು ಎಲ್ಲ ಕೇಳಿ, "ಹಾಗಾದ್ರೆ ಮನೇಲಿ ಯಾಕಿಟ್ಟಿದೀರಿ?" ಎಂದರು. ರಾಯರ ಹೆಂಡತಿ ಬಹಳ ದಿನದಿಂದ ಕೇಳಿ ಕೇಳಿ ಬಿಟ್ಟಿದ್ದ ಪ್ರಶ್ನೆ ಅದು.

ಅವರ ಸ್ವಂತ ಗಾಡಿಗೆ ಈ ಕಾಯಿಲೆ ಬರುವಂತಿಲ್ಲ. ರೇಡಿಯೇಟರಿನೊಳಗಿನ ಕೂಲರಿಗೆ ಎಣ್ಣೆಯೇ ಹೋಗದಂತೆ ಪೈಪು ತಪ್ಪಿಸಿ, ಹೊರಗೆ ಬೇರೆ ಕೂಲರ್ ಹಾಕಿಕೊಂಡಿದ್ದಾರೆ. ಹಾಗಾಗಿ ಪರರ ಗಾಡಿಯೇ ಗತಿ.

ಹೋದ ಚಳಿಗಾಲದಲ್ಲಿ ಒಬ್ಬ ಹುಡುಗನ ಸೆಕೆಂಡ್‌ಹ್ಯಾಂಡ್ ಗಾಡಿ ನಿಜವಾಗಿಯೂ ಗಡಗಡ ಎಂದಿತು. ರಾಯರು ಮುಚ್ಚಳ ತೆಗೆದು ನೋಡಿ, "ಸ್ಟಾರ್ಟ್ ಮಾಡ್ಬೇಡ, ಟೋ ಮಾಡಿಸು" ಎಂದರು. ವರ್ಷವೆಲ್ಲ ಎಲ್ಲರಿಗೂ ಹೀಗೇ ಹೇಳುವವರ ಮಾತು ಯಾರು ಕೇಳುತ್ತಾರೆ? ಹುಡುಗ ಓಡಿಸಿಕೊಂಡೇ ಹೋದ. ಗೇರ್‌ಬಾಕ್ಸ್ ಮನೆಯವರೆಗೂ ಬರಲಿಲ್ಲ. ರಾತ್ರಿ ರಾಯರ ಫೋನು. ಬುದ್ಧಿ ಹೇಳುತ್ತಾರೆಂದು ಹುಡುಗ ಹೆದರಿಕೊಂಡೇ ಎತ್ತಿದ. ಅವರು ಕೇಳಿದ್ದು ಇಷ್ಟೇ: "ಸ್ಯಾಂಪಲ್ ಇಟ್ಟಿದೀಯಾ?"

ನಿಮ್ಮದೂ ಹಳೆಯ ಆಟೊಮ್ಯಾಟಿಕ್ ಆಗಿದ್ದರೆ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ. ಕೆಲವು ಕಂಪನಿಗಳ ಕೂಲೆಂಟೇ ಗುಲಾಬಿ, ತಿಳಿಯಾಗಿದ್ದರೆ ಹೆದರಬೇಡಿ. ಕೆನೆಗಟ್ಟಿದ್ದರೆ ಮಾತ್ರ ಕೀ ತಿರುಗಿಸದೆ ಟೋ ಟ್ರಕ್ಕಿಗೆ ಫೋನ್ ಮಾಡಿ. ರಾಯರಿಗೆ ಆಮೇಲೆ ಮಾಡಿ; ಮೊದಲೇ ಮಾಡಿದರೆ ಟ್ರಕ್ಕಿಗಿಂತ ಮುಂಚೆ ಅವರೇ ಬಾಟಲಿ ಹಿಡಿದು ಬಂದಿರುತ್ತಾರೆ.