ರೇಸ್ ಮುಹೂರ್ತ ನಿರ್ಣಯ

ಕವಿಗಳ ಜನ್ಮಸ್ಥಳ ನಿರ್ಣಯದಲ್ಲಿ ನಮ್ಮ ವಿದ್ವಾಂಸರು ತಲೆಮಾರುಗಳನ್ನೇ ಸವೆಸಿದ್ದಾರೆ. ಟೆಕ್ಸಾಸಿನ ಶಾಸಕರು 2007ರಲ್ಲಿ ಒಂದೇ ಗೊತ್ತುವಳಿಯಲ್ಲಿ ಕೆಲಸ ಮುಗಿಸಿದರು: ಹೋಲ್ಡೆಮ್ ಪೋಕರ್ ಎಂಬ ಇಸ್ಪೀಟಾಟ ಹುಟ್ಟಿದ್ದು ರಾಬ್ಸ್‌ಟೌನ್‌ನಲ್ಲಿ. ದೇಶ ಇತ್ಯರ್ಥವಾದ್ದರಿಂದ ಕಾಲಕ್ಕೆ ಬರೋಣ. ಲಿಮಿಟ್ ಹೋಲ್ಡೆಮ್ ಆಡುವವನು ರೇಸ್ ಮಾಡತಕ್ಕ, ಅಂದರೆ ಪಣ ಏರಿಸತಕ್ಕ, ಕಾಲ ಯಾವುದು? ಪಂಚಾಂಗದಲ್ಲಿ ಇದಕ್ಕೆ ಅಂಕಣವಿಲ್ಲ.

ಸಿನಿಮಾದವರಂತೆ ಇದ್ದಬದ್ದ ಬಿಲ್ಲೆಗಳನ್ನೆಲ್ಲ ನಡುಮೇಜಿಗೆ ತಳ್ಳಿ ಹುಬ್ಬೇರಿಸಲು ಈ ಆಟದಲ್ಲಿ ಅವಕಾಶವಿಲ್ಲ. 4-8 ಡಾಲರಿನ ಮೇಜಾದರೆ ಮೊದಲೆರಡು ಸುತ್ತಿನಲ್ಲಿ ಏರಿಕೆ 4, ಕೊನೆಯೆರಡರಲ್ಲಿ 8. ಅದರ ಮೇಲೆ ಬಿಡಿಗಾಸೂ ಇಲ್ಲ. ಒಂದು ಬೆಟ್ಟು, ಮೂರು ರೇಸು ಆದವೆಂದರೆ ಸಾಮಾನ್ಯವಾಗಿ ಆ ಸುತ್ತಿಗೆ ಬೀಗ. (ವಿಚಾರಸಂಕಿರಣಗಳ ಪ್ರಶ್ನೋತ್ತರಕ್ಕೂ ಇಂಥದೊಂದು ಬೀಗ ಬೇಕೆಂಬುದು ಪ್ರಾಸಂಗಿಕ.)

ಎಲೆ ಚೆನ್ನಾಗಿದ್ದರೆ ಏರಿಸು ಎಂಬುದು ಪೂರ್ವಪಕ್ಷ. ಡೇವಿಡ್ ಸ್ಕ್ಲಾನ್ಸ್ಕಿ ಎಂಬ ಭಾಷ್ಯಕಾರರು ಕೈಗೆ ಬರಬಹುದಾದ 169 ಬಗೆಯ ಜೋಡಿಗಳಲ್ಲಿ ಆಡಲು ಯೋಗ್ಯವಾದವನ್ನು ಎಂಟು ಪಂಕ್ತಿಗಳಲ್ಲಿ ಕೂರಿಸಿದ್ದಾರೆ. ಎಕ್ಕ-ರಾಜ ಎರಡೂ ಆಟಿನ್ ಆದರೆ ಮೊದಲ ಪಂಕ್ತಿ. ರಾಜ ಕಳಾವರ್ ಮನೆಯವನಾದನೋ, ಅದೇ ಎಕ್ಕಕ್ಕೆ ಎರಡನೆಯ ಪಂಕ್ತಿಯಲ್ಲಿ ಎಲೆ. ಏಳು-ಎರಡಕ್ಕೆ ಜಗುಲಿಯೂ ಇಲ್ಲ. ಪಂಕ್ತಿಭೇದವನ್ನು ವೇದಿಕೆಯ ಮೇಲೆ ಖಂಡಿಸುವವರೂ ಇದನ್ನು ತಕರಾರಿಲ್ಲದೆ ಪಾಲಿಸುತ್ತಾರೆ.

ಸಿದ್ಧಾಂತಿಯ ಆಕ್ಷೇಪ: ಎಲೆ ಇನ್ನೂ ಕೂಡದಿದ್ದಾಗಲೂ ರೇಸ್ ಶಾಸ್ತ್ರಸಮ್ಮತವೇ. ದೃಷ್ಟಾಂತ. ನಿಮ್ಮ ಕೈಯಲ್ಲಿ ಎರಡು ಆಟಿನ್, ಫ್ಲಾಪಿನಲ್ಲಿ (ನಡುಮೇಜಿನಲ್ಲಿ ಮೊದಲು ಬಿಚ್ಚುವ ಮೂರು ಎಲೆಗಳಲ್ಲಿ) ಎರಡು; ಇನ್ನೊಂದು ಬಿದ್ದರೆ ಫ್ಲಶ್, ಅಂದರೆ ಒಂದೇ ಮನೆಯ ಐದು ಎಲೆ. ಉಳಿದೆರಡು ಎಲೆಗಳಲ್ಲಿ ಅದು ಬೀಳುವ ಸಂಭವ ಸುಮಾರು ಶೇ. 35. ಕೊನೆಯ ಸರದಿ ನಿಮ್ಮದು. ಎದುರಿನವನು 4 ಡಾಲರ್ ಇಟ್ಟ. ಸುಮ್ಮನೆ ಕಾಲ್ ಮಾಡಿದರೆ (ಅವನಿಟ್ಟಷ್ಟನ್ನೇ ಕಟ್ಟಿದರೆ) ಈಗ 4, ಟರ್ನಿನಲ್ಲಿ (ನಾಲ್ಕನೆಯ ಎಲೆಯ ಸುತ್ತಿನಲ್ಲಿ) ಅವನು ಮತ್ತೆ ಇಟ್ಟರೆ 8, ಒಟ್ಟು 12. ಈಗಲೇ 8ಕ್ಕೆ ಏರಿಸಿದಿರೋ, ಅವನು ಬೆದರಿ ಟರ್ನಿನಲ್ಲಿ ಚೆಕ್ ಎನ್ನಬಹುದು, ಅಂದರೆ ಏನೂ ಇಡದೆ ಸರದಿ ದಾಟಿಸಬಹುದು. ನೀವೂ ಚೆಕ್ ಎಂದು ಕೊನೆಯ ಎಲೆಯನ್ನು ಪುಕ್ಕಟೆ ನೋಡುತ್ತೀರಿ. 4 ಡಾಲರ್ ಉಳಿತಾಯ! ಉಳಿಸುವುದಕ್ಕಾಗಿಯೇ ಏರಿಸುವ ಈ ತತ್ತ್ವವನ್ನು ಷಡ್ದರ್ಶನಗಳಲ್ಲಿ ಒಂದೂ ಮುಟ್ಟಿಲ್ಲ. ಅವನು ಬೆದರದೆ 12ಕ್ಕೆ ಏರಿಸಿದರೆ? ಟರ್ನಿನದೂ ಸೇರಿ 20. ಅಂಥ ಸಂದರ್ಭದಲ್ಲಿ ತತ್ತ್ವವನ್ನು ಬಿಟ್ಟು ಜೇಬು ನೋಡಿಕೊಳ್ಳತಕ್ಕದ್ದು.

ಇಬ್ಬರೇ ಆಡುವ ಶಾಖೆಯ ಮಟ್ಟಿಗೆ ವಾದ 2015ರ ಜನವರಿಯಲ್ಲಿ ಮುಗಿಯಿತು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸೆಫಿಯಸ್ ಎಂಬ ಪ್ರೋಗ್ರಾಂ ಹೆಚ್ಚುಕಡಿಮೆ ನಿರ್ದೋಷವಾಗಿ ಆಡುತ್ತದೆಂದು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಗಂಟೆಗೆ 200 ಆಟ, ದಿನಕ್ಕೆ 12 ಗಂಟೆ, ರಜೆ ಹಾಕದೆ 70 ವರ್ಷ ಆಡಿದರೂ ಅದರಲ್ಲಿ ದೋಷವಿದೆಯೆಂದು ಖಚಿತವಾಗಿ ಹೇಳಲಾಗದಂತೆ. ನಿವೃತ್ತಿಯ ವಯಸ್ಸನ್ನು ಅವರು ಲೆಕ್ಕಕ್ಕೆ ಹಿಡಿದಿಲ್ಲ. ಡೀಲರ್ ಸ್ಥಾನದಲ್ಲಿ ಅದು ಮೊದಲ ಸರದಿಗೆ ಏರಿಸುತ್ತದೆ, ಇಲ್ಲವೇ ಎಲೆ ಕೆಳಗಿಡುತ್ತದೆ; ಸುಮ್ಮನೆ ಕಾಲ್ ಮಾಡುವುದು ತೀರಾ ಅಪರೂಪ.

ಆದರೆ ಲಾಸ್ ವೇಗಸ್ಸಿನ ಒಂಬತ್ತು ಜನರ ಮೇಜಿಗೆ ಸೆಫಿಯಸ್ ಬರುವುದಿಲ್ಲ. ಬರುವವನು ಸರ್ವಕಾಲ್ ಪಂಥದವನು. ಎಡಗೈಯಲ್ಲಿ ಕಾಫಿ, ಬಲಗೈಯಲ್ಲಿ ಬಿಲ್ಲೆ. ಕಣ್ಣು ಗೋಡೆಯ ಟಿವಿಯ ಮೇಲೆ. ತನ್ನ ಸರದಿ ಬರುವ ಮೊದಲೇ ಬಿಲ್ಲೆಗಳು ಮುಂದೆ ಸರಿದಿರುತ್ತವೆ. ಹೆದರಿಸಲು ಮಾಡಿದ ರೇಸ್ ಇವನ ಮುಂದೆ ವ್ಯರ್ಥ. ಹೆದರಬೇಕಾದರೆ ಮೊದಲು ಆಟ ನೋಡಬೇಕಲ್ಲ. ಕೈಯಲ್ಲಿ ನಿಜವಾದ ಬಲವಿದ್ದಾಗ ಮಾತ್ರ, ಪ್ರತಿ ಸುತ್ತಿನಲ್ಲೂ, ದಾಕ್ಷಿಣ್ಯವಿಲ್ಲದೆ ಏರಿಸಿ. ಅವನು ಕಟ್ಟುತ್ತಾನೆ. ಒಮ್ಮೊಮ್ಮೆ ಆ ಜಗುಲಿಯಿಲ್ಲದ ಏಳು-ಎರಡರಲ್ಲೇ ಎರಡು ಜೋಡಿ ಮಾಡಿ ನಿಮ್ಮ ಎಕ್ಕಗಳನ್ನು ಕೆಡವುತ್ತಾನೆ. ಆಗ ಅವನಿಗೆ ಸಂಭವನೀಯತೆಯ ಪಾಠ ಹೇಳುವುದು ಮಹಾಪಾತಕ. ‘ಒಳ್ಳೇ ಆಟ ಸಾರ್’ ಎಂದು, ಈ ಪ್ರಬಂಧದ ಪ್ರತಿ ಅವನ ಕೈಗೆ ಸಿಗದಂತೆ ಎತ್ತಿಡತಕ್ಕದ್ದು.