ಹಳೇ ಪಾರ್ಟು ವಾಪಸ್ ಕೊಡಿ

ಹಿರೇನಲ್ಲೂರಿನ ಕಡೆ ಬೋರ್‌ವೆಲ್ ಕೊರೆಸುವವನು ರಾತ್ರಿಯೆಲ್ಲ ಲಾರಿಯ ಪಕ್ಕ ಬಿಟ್ಟು ಕದಲುವುದಿಲ್ಲ. ನೀರು ಬಿದ್ದೀತೇ ಎಂಬ ಹಂಬಲ ಇದ್ದದ್ದೇ. ಅದಕ್ಕಿಂತ ಹೆಚ್ಚಾಗಿ ಎಷ್ಟು ರಾಡು ಇಳಿಯಿತು ಎಂದು ಎಣಿಸಬೇಕು, ಏಕೆಂದರೆ ಬಿಲ್ಲು ಅಡಿ ಲೆಕ್ಕದಲ್ಲಿ. ಕೊಳವೆಬಾವಿಯ ಮೋಟಾರು ಸುಟ್ಟರೆ ರಿವೈಂಡಿಂಗ್ ಅಂಗಡಿಯ ಮುಂದೆ ಸ್ಟೂಲು ಎಳೆದುಕೊಂಡು ಕೂತು, ಬಿಚ್ಚಿದ ಹಳೇ ತಾಮ್ರವನ್ನು ತೂಗಿಸಿ, ಅದರ ದುಡ್ಡನ್ನು ಕೂಲಿಯಲ್ಲಿ ವಜಾ ಮಾಡಿಸಿಯೇ ಏಳುತ್ತಾನೆ. ತಿಪಟೂರಿಗೆ ಕೊಬ್ಬರಿ ಒಯ್ದರೆ ತಕ್ಕಡಿಯ ಮೇಲಿಂದ ಕಣ್ಣು ತೆಗೆಯುವುದಿಲ್ಲ. ಚಿಕ್ಕಮಗಳೂರು ಜಿಲ್ಲೆ ಎಂದರೆ ಕಾಫಿ, ಮಂಜು, ಮುಳ್ಳಯ್ಯನಗಿರಿ ಎಂದು ನಂಬಿದವರು ಹಿರೇನಲ್ಲೂರಿರುವ ಕಡೂರು ತಾಲ್ಲೂಕಿಗೆ ಬಂದು ನೋಡಬೇಕು. ಮೋಡಗಳು ಬೆಟ್ಟದ ಆ ಕಡೆಯೇ ಖಾಲಿಯಾಗಿ ಈ ಕಡೆಗೆ ಬರೀ ನೆರಳು ಕಳಿಸುತ್ತವೆ. ಮೋಡವೇ ಕೈಕೊಟ್ಟ ಸೀಮೆಯಲ್ಲಿ ಮೆಕ್ಯಾನಿಕ್ಕನ್ನು ನಂಬುವುದು ಹೇಗೆ? ಹೀಗಾಗಿ ಇಲ್ಲಿ ರಿಪೇರಿಗೆ ಎರಡೇ ಸೂತ್ರ: ಕೆಲಸ ಕಣ್ಣೆದುರಿಗೆ ಆಗಬೇಕು, ಹಳೇ ಸಾಮಾನು ಕೈಗೆ ಬರಬೇಕು. ಇದನ್ನು ನೋಡುತ್ತಲೇ ಬೆಳೆದ ಮಗ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಹೊಸ ಕಾರು ಕೊಂಡ ಮೇಲೆ ಎರಡನ್ನೂ ಹಳ್ಳಿ ಬುದ್ಧಿ ಎಂದು ಬದಿಗಿಡುತ್ತಾನೆ. ಮೊದಲ ವರ್ಷ ಅವನ ಜೇಬಿನಿಂದ ಸೋರುವ ಡಾಲರುಗಳೆಲ್ಲ ಈ ಒಂದು ತೂತಿನಿಂದಲೇ ಸೋರುತ್ತವೆ ಎಂಬುದು ನನ್ನ ವಾದ. ತಮಾಷೆಯೆಂದರೆ, ಅವನು ನಾಚಿಕೊಂಡು ಬಿಟ್ಟದ್ದನ್ನು ಕ್ಯಾಲಿಫೋರ್ನಿಯಾ ಸರ್ಕಾರ ಕಾನೂನು ಮಾಡಿ ಇಟ್ಟುಕೊಂಡಿದೆ.

ಕೊಳ್ಳುವಾಗ ನಮ್ಮವನು ಹುಲಿಯೇ. ಅಪ್ಪ ಅಮ್ಮ ಆರು ತಿಂಗಳ ಮಟ್ಟಿಗೆ ಬರುತ್ತಾರೆ, ಆಮೇಲೆ ಅತ್ತೆ ಮಾವನೂ ಬರಬೇಕು (ನಾಲ್ವರೂ ಒಟ್ಟಿಗೆ ಬಂದರೆ ಅದಕ್ಕೆ ಬೇರೆಯೇ ಪ್ರಬಂಧ ಬರೆಯಬೇಕು), ಆದ್ದರಿಂದ ಏಳು ಸೀಟಿನ ಮಿನಿವ್ಯಾನೇ ಆಗಬೇಕು. ಟೊಯೋಟಾ ಸಿಯೆನ್ನಾ, ಇಲ್ಲವೇ ಹೋಂಡಾ ಒಡಿಸ್ಸಿ. ನಾಲ್ಕಾರು ಡೀಲರುಗಳಿಗೆ ಒಂದೇ ಇಮೇಲು, ಒಂದು ಎಕ್ಸೆಲ್ ಶೀಟು, ಕನ್ನಡ ಕೂಟದ ಪಿಕ್‌ನಿಕ್ಕಿನಲ್ಲಿ ಪುಳಿಯೋಗರೆ ತಟ್ಟೆ ಹಿಡಿದುಕೊಂಡೇ ತಜ್ಞರ ಅಭಿಪ್ರಾಯ ಸಂಗ್ರಹ. ಅಮೆರಿಕದಲ್ಲಿ 1958ರ ಕಾಯ್ದೆಯ ಪ್ರಕಾರ ಹೊಸ ಕಾರಿನ ಗಾಜಿಗೆ ಕಂಪನಿಯ ಬೆಲೆಚೀಟಿ ಅಂಟಿಸಿರಲೇಬೇಕು. ಕಾಯ್ದೆ ತಂದ ಒಕ್ಲಹೋಮಾದ ಸೆನೆಟರ್ ಮೊನ್ರೋನಿಯ ಹೆಸರಿನಿಂದಲೇ ಆ ಚೀಟಿಯನ್ನು ಇಂದಿಗೂ ಕರೆಯುತ್ತಾರೆ. ಎಷ್ಟೋ ಕಡೆ ಡೀಲರ್ ಅದರ ಪಕ್ಕದಲ್ಲೇ ತನ್ನದೊಂದು ಚೀಟಿ ಅಂಟಿಸಿ, ಟೈರಿಗೆ ನೈಟ್ರೋಜನ್ ತುಂಬಿಸಿದ ಬಾಬ್ತು ಇಷ್ಟು ಎಂದು ಸೇರಿಸಿರುತ್ತಾನೆ. ನಾವು ಉಸಿರಾಡುವ ಗಾಳಿಯಲ್ಲಿ ಶೇಕಡಾ 78 ನೈಟ್ರೋಜನ್ನೇ. ಆ ಲೆಕ್ಕದಲ್ಲಿ ಕಡೂರು ಬಸ್‌ಸ್ಟ್ಯಾಂಡಿನ ಪಂಕ್ಚರ್ ಅಂಗಡಿಯವರು ತಲೆಮಾರುಗಳಿಂದ ನೈಟ್ರೋಜನ್ ದಾಸೋಹ ನಡೆಸಿದ್ದಾರೆ. ನಮ್ಮವನು ಇದನ್ನು ಹಿಡಿದು ಜಗ್ಗಾಡಿ ಹೊಡೆಸಿಹಾಕುತ್ತಾನೆ, ಗೆದ್ದೆ ಎಂದು ಊರಿಗೆ ಫೋನು ಮಾಡುತ್ತಾನೆ. ಅಪ್ಪನ ಮೊದಲ ಪ್ರಶ್ನೆ ಒಂದೇ: ಎಷ್ಟು ಕೊಡುತ್ತೆ? ಮಗ ಹೆಮ್ಮೆಯಿಂದ ಮೂವತ್ತಾರು ಎನ್ನುತ್ತಾನೆ. ಹೈಬ್ರಿಡ್ ಸಿಯೆನ್ನಾಕ್ಕೆ ಅಲ್ಲಿನ ಸರ್ಕಾರ ಕೊಟ್ಟ ಅಂಕಿ ಅದೇ, ಗ್ಯಾಲನ್‌ಗೆ 36 ಮೈಲಿ. ಲೀಟರಿಗೆ ಮೂವತ್ತಾರು ಎಂದುಕೊಂಡ ಅಪ್ಪ ಸಂಜೆಯೊಳಗೆ ಊರಿಗೆಲ್ಲ ಸಾರಿ ಆಗಿರುತ್ತದೆ. ಮೊಮ್ಮಗಳು ಲೆಕ್ಕ ಹಾಕಿ ಹದಿನೈದು ಚಿಲ್ಲರೆ ಕಿಲೋಮೀಟರು ಎಂದು ತಿದ್ದುವ ಹೊತ್ತಿಗೆ ಸುದ್ದಿ ಬೀರೂರು ದಾಟಿರುತ್ತದೆ.

ಹುಲಿ ಬೋನಿಗೆ ಬೀಳುವುದು ಇದಾದ ಮೇಲೆ, ಸಹಿ ಹಾಕಿಸುವ ಪುಟ್ಟ ಕೋಣೆಯಲ್ಲಿ. ಸಿಯೆನ್ನಾಕ್ಕೆ ಕಂಪನಿಯ ವಾರಂಟಿ ಮೂರು ವರ್ಷ ಅಥವಾ 36,000 ಮೈಲಿ. ಎಂಜಿನ್ ಗೇರುಗಳಿಗೆ ಐದು ವರ್ಷ ಅಥವಾ 60,000 ಮೈಲಿ. ಹೈಬ್ರಿಡ್ ಬ್ಯಾಟರಿಗೆ ಹತ್ತು ವರ್ಷ ಅಥವಾ 1,50,000 ಮೈಲಿ. ಮೊದಲ ಎರಡು ವರ್ಷ ಅಥವಾ 25,000 ಮೈಲಿವರೆಗೆ ಪುಸ್ತಕದಲ್ಲಿ ಬರೆದ ಸರ್ವಿಸ್ ಪುಕ್ಕಟೆ. ಇಷ್ಟೆಲ್ಲ ಇರುವ ಗಾಡಿಗೆ ಮೊದಲ ದಿನವೇ ಹೆಚ್ಚುವರಿ ವಾರಂಟಿ, ಮುಂಗಡ ಸರ್ವಿಸ್ ಪ್ಯಾಕೇಜು, ಬಣ್ಣಕ್ಕೊಂದು ರಕ್ಷಾಕವಚ, ಸೀಟಿನ ಬಟ್ಟೆಗೆ ಇನ್ನೊಂದು. ಹೊರಗೆ ನೂರು ಡಾಲರಿಗೆ ಒಂದು ಗಂಟೆ ಗುದ್ದಾಡಿದವನು ಒಳಗೆ ಸಾವಿರಗಳಿಗೆ ತಲೆಯಾಡಿಸುತ್ತಾನೆ, ಯಾಕೆಂದರೆ ಇಲ್ಲಿ ಹೆಂಡತಿ ಮಕ್ಕಳ ಕ್ಷೇಮದ ಮಾತು ಬಂದಿದೆ, ಜೊತೆಗೆ ತಿಂಗಳ ಕಂತಿಗೆ ಬೀಳುವುದು ಬರೀ ಒಂದು ಕಾಫಿಯ ದುಡ್ಡು. ಆ ಒಂದು ಕಾಫಿ ಎಷ್ಟು ತಿಂಗಳು ಕುಡಿಯಬೇಕು ಎಂದು ಕೇಳಲು ಪಕ್ಕದಲ್ಲಿ ಅಪ್ಪ ಇರುವುದಿಲ್ಲ.

ಮುಂದೆ ಸರ್ವಿಸ್. ನ್ಯಾಯವಾಗಿ ಹೇಳುವುದಾದರೆ ಹೊಸ ಕಾರಿನ ಮೊದಲ ಸರ್ವಿಸ್ ನಡೆಯುವುದು ಲಿವರ್‌ಮೋರಿನ ಶಿವ ವಿಷ್ಣು ದೇವಸ್ಥಾನದ ಅಂಗಳದಲ್ಲಿ, ವಾಹನ ಪೂಜೆಯ ರೂಪದಲ್ಲಿ. ಅದರಲ್ಲಿ ಹಿರೇನಲ್ಲೂರಿನ ಎರಡೂ ಸೂತ್ರಗಳ ಪಾಲನೆಯಾಗುತ್ತದೆ ಎಂಬುದನ್ನು ಗಮನಿಸಬೇಕು. ರೇಟು ಬೋರ್ಡಿನ ಮೇಲಿದೆ. ಅರ್ಚಕರು ಕೆಲಸ ಮಾಡುವಾಗ ಗಿರಾಕಿ ಕೈಮುಗಿದು ಪಕ್ಕದಲ್ಲೇ ನಿಂತಿರುತ್ತಾನೆ. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು, ಐದನೆಯದರ ಸಲಹೆ ಯಾರೂ ಕೊಡುವುದಿಲ್ಲ. ಒಡೆದ ತೆಂಗಿನಕಾಯಿ ಹೋಳು ವಾಪಸ್ ಕೈಗೆ ಬರುತ್ತದೆ. ಡೀಲರಿನ ಮನೆಯಲ್ಲಿ ಇದೆಲ್ಲ ತಿರುಗುಮುರುಗು. ಕಾರು ಒಂದು ಬಾಗಿಲಿನಿಂದ ಒಳಗೆ ಹೋಗುತ್ತದೆ, ಮಾಲೀಕ ಇನ್ನೊಂದರಿಂದ. ಕೆಲಸದ ಜಾಗಕ್ಕೆ ಹೋಗುವಂತಿಲ್ಲ. ಕೇಳಿದರೆ ಇನ್ಶೂರೆನ್ಸ್ ನಿಯಮ. ಬದಲಿಗೆ ಮೆತ್ತನೆ ಸೋಫಾ, ಪುಕ್ಕಟೆ ಕಾಫಿ, ವೈಫೈ, ಬಿಸ್ಕತ್ತು, ಹೆಸರನ್ನು ಸಾಧ್ಯವಾದಷ್ಟು ಸರಿಯಾಗಿ ಉಚ್ಚರಿಸಿ ಕರೆಯುವ ಸರ್ವಿಸ್ ಅಡ್ವೈಸರು. ಜಗಳವಾಡುವವನ ಎದುರು ಕನ್ನಡಿಗ ಸೋಲುವುದು ಕಡಿಮೆ. ಕಾಫಿ ಕೊಟ್ಟವನ ಎದುರು ಗೆದ್ದ ಉದಾಹರಣೆಯೇ ಇಲ್ಲ. ಉಂಡ ಮನೆಯ ಗಳ ಎಣಿಸಬಾರದು ಎಂದು ಕಲಿತವನು ಕಾಫಿ ಕುಡಿದ ಕೌಂಟರಿನ ಬಿಲ್ಲು ಎಣಿಸುತ್ತಾನೆಯೇ?

ಅರ್ಧ ಗಂಟೆಯಲ್ಲಿ ಅಡ್ವೈಸರು ಎರಡು ವಸ್ತು ಹಿಡಿದು ಬರುತ್ತಾನೆ. ಒಂದು, ಹಸಿರು ಹಳದಿ ಕೆಂಪು ಚೌಕಗಳ ತಪಾಸಣಾ ಪಟ್ಟಿ. ನೋಡಲು ಅರಿಶಿನ ಕುಂಕುಮದ ತಟ್ಟೆಯಂತೆ ಮಂಗಳಕರವಾಗಿಯೇ ಇರುತ್ತದೆ. ಹೊಸ ಕಾರಿಗೆ ಕೆಂಪು ಹಾಕಲು ಅಡ್ವೈಸರಿಗೂ ಸಂಕೋಚ, ಪೂರಾ ಹಸಿರು ಹಾಕಿದರೆ ಸಂಸಾರ ನಡೆಯುವುದಿಲ್ಲ. ಬಹಳಷ್ಟು ಕಡೆ ಅಡ್ವೈಸರ ಸಂಬಳದ ಒಂದು ಪಾಲು ಕಮಿಷನ್ನು. ಆದ್ದರಿಂದ ಅಲ್ಲಲ್ಲಿ ಹಳದಿ. ಈಗಲೇ ಏನೂ ಆಗುವುದಿಲ್ಲ, ಆದರೆ ಮಾಡಿಸಿದರೆ ಒಳ್ಳೆಯದು ಎಂದು ಇದರ ಭಾವಾರ್ಥ. ಇನ್ನೊಂದು, ಎಸಿಯ ಗಾಳಿ ಸೋಸುವ ಫಿಲ್ಟರು: ರಟ್ಟಿನ ಚೌಕಟ್ಟಿನೊಳಗೆ ಮಡಿಕೆ ಮಡಿಕೆಯಾದ ಬಿಳಿ ಹಾಳೆ, ಅಂಚಿನಲ್ಲಿ ತುಸು ಬೂದು ಬಣ್ಣ, ಮಡಿಕೆಯ ನಡುವೆ ಒಂದೆರಡು ಒಣ ಎಲೆ, ಒಂದು ಸತ್ತ ನೊಣ. ಅಜ್ಜಂಪುರದ ರಸ್ತೆಯಲ್ಲಿ ಬೇಸಿಗೆಯಲ್ಲಿ ಬಸ್ಸಿನ ಹಿಂದೆ ಹೋದವರು ಇದನ್ನು ಹೊಸದೆಂದೇ ಕೊಂಡಾರು. ಆದರೆ ಅಡ್ವೈಸರು ಅದನ್ನು ಎಕ್ಸರೇ ಹಿಡಿಯುವ ಡಾಕ್ಟರ ಗಾಂಭೀರ್ಯದಲ್ಲಿ ಬೆಳಕಿಗೆ ಹಿಡಿದು, ಮಕ್ಕಳಿದ್ದಾರಲ್ಲವೇ ಎನ್ನುತ್ತಾನೆ. ಅಲ್ಲಿಗೆ ಮುಗಿಯಿತು. ಆ ಫಿಲ್ಟರು ಅಂಗಡಿಯಲ್ಲಿ ಇಪ್ಪತ್ತು ಡಾಲರಿನ ಆಸುಪಾಸು. ಈ ಕೌಂಟರಿನಲ್ಲಿ ಹಾಕಿಸಿದರೆ ಅದರ ಹಲವು ಪಟ್ಟು. ಅದನ್ನು ಬದಲಿಸುವ ವಿಧಾನ ಮಾಲೀಕರ ಕೈಪಿಡಿಯಲ್ಲೇ ಇರುತ್ತದೆ. ಗ್ಲೋವ್ ಬಾಕ್ಸನ್ನು ಎರಡು ಬದಿ ಒತ್ತಿ ಕೆಳಗಿಳಿಸಿದರೆ ಹಿಂದೆಯೇ ಕೂತಿರುತ್ತದೆ, ಸ್ಕ್ರೂಡ್ರೈವರ್ ಕೂಡ ಬೇಡ. ಕೈಪಿಡಿ ಇರುವುದೂ ಅದೇ ಗ್ಲೋವ್ ಬಾಕ್ಸಿನಲ್ಲಿ, ಪ್ಲಾಸ್ಟಿಕ್ ಕವರು ಬಿಚ್ಚದ ಸ್ಥಿತಿಯಲ್ಲಿ. ಐದು ಸಾವಿರ ಮೈಲಿಗೆ ಟೈರುಗಳ ಜಾಗ ಬದಲಿಸಿ ತಪಾಸಣೆ ಮಾಡಿ, ಹತ್ತು ಸಾವಿರ ಮೈಲಿ ಅಥವಾ ಒಂದು ವರ್ಷಕ್ಕೆ ಸಿಂಥೆಟಿಕ್ ಆಯಿಲ್ ಬದಲಿಸಿ ಎಂದು ಕಂಪನಿ ಸ್ಪಷ್ಟವಾಗಿ ಅಚ್ಚು ಹಾಕಿಸಿದೆ. ಹಳದಿ ಚೌಕಗಳ ಮುಕ್ಕಾಲು ಪಾಲು ಆ ಪುಸ್ತಕದಲ್ಲಿ ಆ ಮೈಲಿಗೆ ಇರುವುದೇ ಇಲ್ಲ.

ಇದಕ್ಕೆ ಫ್ರೀಮಾಂಟಿನ ಮಗನಲ್ಲಿ ಉತ್ತರಗಳಿವೆ, ಕೆಲವು ತೂಕದವೂ ಹೌದು. ಡೀಲರು ಹೇಳಿದ್ದನ್ನು ಮಾಡಿಸದಿದ್ದರೆ ವಾರಂಟಿ ಹೋಗುತ್ತದೆ ಎಂಬುದು ಮೊದಲನೆಯದು. ಹೋಗುವುದಿಲ್ಲ. 1975ರ ಮ್ಯಾಗ್ನುಸನ್–ಮಾಸ್ ಕಾಯ್ದೆಯ ಪ್ರಕಾರ, ಕಂಪನಿ ತನ್ನ ಡೀಲರಲ್ಲೇ ದುಡ್ಡು ಕೊಟ್ಟು ಸರ್ವಿಸ್ ಮಾಡಿಸಬೇಕೆಂದು ವಾರಂಟಿಗೆ ಷರತ್ತು ಹಾಕುವಂತಿಲ್ಲ. ಪುಸ್ತಕದಲ್ಲಿ ಹೇಳಿದ ಕೆಲಸ ಹೇಳಿದ ಹೊತ್ತಿಗೆ ಆಗಿರಬೇಕು, ರಸೀದಿ ಇಟ್ಟುಕೊಂಡಿರಬೇಕು, ಅಷ್ಟೆ. ರಸೀದಿ ಇಡುವುದನ್ನು ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ. ಹಿರೇನಲ್ಲೂರಿನ ಟ್ರಂಕುಗಳಲ್ಲಿ ಕಂದಾಯದ ಹಳೇ ರಸೀದಿಗಳು ಪಹಣಿಯ ಜೊತೆ ಇನ್ನೂ ಬೆಚ್ಚಗಿವೆ. ಮಾರುವಾಗ ಬೆಲೆ ಬರುವುದಿಲ್ಲ ಎಂಬುದಕ್ಕೂ ಈ ರಸೀದಿಯ ಕಡತವೇ ಉತ್ತರ. ಎರಡನೆಯ ಆಕ್ಷೇಪ, ಈಗಿನ ಕಾರು ಕಾರಲ್ಲ, ಚಕ್ರದ ಮೇಲಿನ ಕಂಪ್ಯೂಟರು, ಕಣ್ಣೆದುರಿಗೆ ಮಾಡಿದರೂ ಕಾಣುವುದೇನು ಎಂಬುದು. ಇದನ್ನು ಒಪ್ಪಬೇಕು. ಹೈಬ್ರಿಡ್ ಬ್ಯಾಟರಿ ಬಿಚ್ಚುವುದನ್ನು ಸ್ಟೂಲು ಹಾಕಿ ನೋಡಿದರೂ ಅಪ್ಪನಿಗೆ ತಿಳಿಯುವುದು ಅಷ್ಟರಲ್ಲೇ ಇದೆ. ರೀಕಾಲ್ ಬಂದರೆ, ಸಾಫ್ಟ್‌ವೇರ್ ಕೆಟ್ಟರೆ, ವಾರಂಟಿಯ ಕೆಲಸವಿದ್ದರೆ ಡೀಲರ ಬಳಿಯೇ ಹೋಗಬೇಕು. ಎರಡು ವರ್ಷದ ಪುಕ್ಕಟೆ ಸರ್ವಿಸ್ಸನ್ನೂ ಬಿಡಬಾರದು, ಬಿಟ್ಟರೆ ಹಿರೇನಲ್ಲೂರಿಗೇ ಅವಮಾನ. ಆದರೆ ಇವುಗಳಿಗೆ ದುಡ್ಡು ಕೊಡಬೇಕಾಗಿಲ್ಲ ಎಂಬುದನ್ನು ನೋಡಿ. ಡೀಲರು ಮಾತ್ರ ಮಾಡಬಲ್ಲ ಕಠಿಣ ಕೆಲಸ ಪುಕ್ಕಟೆ. ಯಾರು ಬೇಕಾದರೂ ಮಾಡಬಲ್ಲ ಫಿಲ್ಟರು, ವೈಪರು, ಟೈರಿನ ಗಾಳಿಗೆ ಬಿಲ್ಲು. ಕಂಪ್ಯೂಟರಿನ ಭಯ ತೋರಿಸಿ ವೈಪರು ಮಾರುತ್ತಾರೆ. ಮೂರನೆಯದು ಸಮಯದ ಬೆಲೆ. ನನ್ನ ಒಂದು ಗಂಟೆಗೆ ಇಷ್ಟು ಡಾಲರು, ಫಿಲ್ಟರು ಹಾಕುತ್ತಾ ಕೂರಲೇ ಎನ್ನುವವನು ಸೋನಾ ಮಸೂರಿ ಮೂಟೆಗೆ ಮೂರು ಡಾಲರು ಕಡಿಮೆಯೆಂದು ಸನ್ನಿವೇಲಿನವರೆಗೆ ಟ್ರಾಫಿಕ್ಕಿನಲ್ಲಿ ಹೋಗಿಬರುತ್ತಾನೆ. ಇದಕ್ಕೆ ಹೆಚ್ಚಿನ ಉತ್ತರ ಅನಗತ್ಯ.

ನಿಜವಾಗಿ ಕಷ್ಟದ ಆಕ್ಷೇಪ ಬೇರೆ ಇದೆ: ನಿಮ್ಮೂರಿನವರು ಮಹಾ ಜಾಣರೇ? ಕಂಪನಿ ಶೋರೂಮಿನ ಎದುರು ಅವರೂ ಶರಣಾಗಿಲ್ಲವೇ? ಆಗಿದ್ದಾರೆ. ಚಿಕ್ಕಮಗಳೂರಿಗೋ ಶಿವಮೊಗ್ಗಕ್ಕೋ ಕಾರು ಒಯ್ದು ಮಾಡಿಸುವ ಫ್ರೀ ಸರ್ವಿಸ್ಸಿನಲ್ಲಿ ಫ್ರೀ ಇರುವುದು ಕೂಲಿ ಮಾತ್ರ. ಆಯಿಲ್ಲು, ಫಿಲ್ಟರಿಗೆ ದುಡ್ಡು. ಅದರ ಬೆನ್ನಿಗೇ ಎಸಿ ಶುದ್ಧೀಕರಣ, ಅಡಿಭಾಗದ ಕೋಟಿಂಗು, ಟೆಫ್ಲಾನ್ ಎಂಬ ಸಾಲು ಬಿಲ್ಲಿಗೆ ಸೇರಿಕೊಳ್ಳುತ್ತದೆ. ಬೀರೂರಿನ ಮಂಡಿಯಲ್ಲಿ ಅಡಿಕೆಗೆ ಒಂದೊಂದು ರೂಪಾಯಿಗೂ ಕೂತವರು ಅಲ್ಲಿ ಕೊಟ್ಟ ಚಹಾ ಕುಡಿದು ಕಾರ್ಡು ಉಜ್ಜಿ ಬರುತ್ತಾರೆ. ಇದರಿಂದ ನನ್ನ ವಾದ ಸಡಿಲವಾಗುವುದಿಲ್ಲ, ಬಿಗಿಯಾಗುತ್ತದೆ. ದೋಷ ಅಮೆರಿಕದ್ದೂ ಅಲ್ಲ, ಡಾಲರಿನದೂ ಅಲ್ಲ; ಗಾಜಿನ ಗೋಡೆ ಎದ್ದಲ್ಲೆಲ್ಲ ನಮ್ಮವರ ಬಾಯಿ ಕಟ್ಟುತ್ತದೆ. ಒಂದು ವ್ಯತ್ಯಾಸವಿದೆ. ಊರಿನ ಅಪ್ಪ ಆ ಗಾಜಿಗೆ ಮೂಗು ಒತ್ತಿಕೊಂಡು ತನ್ನ ಕಾರು ಯಾವ ರ‍್ಯಾಂಪಿನ ಮೇಲಿದೆ ಎಂದಾದರೂ ನೋಡುತ್ತಾನೆ. ಮಗ ಲ್ಯಾಪ್‌ಟಾಪಿನಲ್ಲಿ ಮೀಟಿಂಗು ಮಾಡುತ್ತಿರುತ್ತಾನೆ.

ಹಾಗಾದರೆ ಸೋಫಾದ ಮೇಲೆ ಕೂತವನು ಮಾಡಬಹುದಾದದ್ದೇನು? ಕ್ಯಾಲಿಫೋರ್ನಿಯಾದ 1971ರ ಆಟೊಮೋಟಿವ್ ರಿಪೇರ್ ಕಾಯ್ದೆ ಓದಿದರೆ ಅದನ್ನು ಕಡೂರಿನವರು ಯಾರೋ ಕರಡು ಮಾಡಿಕೊಟ್ಟಂತಿದೆ. ಕೆಲಸಕ್ಕೆ ಮುಂಚೆ ಅಂದಾಜು ಖರ್ಚು ಬರೆದು ಕೊಡಬೇಕು. ಗಿರಾಕಿ ಒಪ್ಪದೆ ಅದಕ್ಕಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ. ಕೆಲಸ ಒಪ್ಪಿಸುವಾಗಲೇ ಕೇಳಿದ್ದರೆ ಬಿಚ್ಚಿದ ಹಳೇ ಪಾರ್ಟನ್ನು ವಾಪಸ್ ಕೊಡಬೇಕು. ವಾರಂಟಿಯ ಕಾರಣಕ್ಕೆ ಕಂಪನಿಗೆ ಮರಳಿಸಬೇಕಾದ ಪಾರ್ಟಾದರೆ, ಹೊಸದಕ್ಕೆ ದುಡ್ಡು ತೆಗೆದುಕೊಂಡಿದ್ದಲ್ಲಿ, ಕೊಡದಿದ್ದರೂ ಕಣ್ಣಿಗೆ ತೋರಿಸಲೇಬೇಕು. ಕೇಳುವುದರಲ್ಲಿ ಒಂದು ಅನುಕೂಲವೂ ಇದೆ: ಹಳೆಯದನ್ನು ತೋರಿಸಬೇಕಾಗುತ್ತದೆ ಎಂದು ಗೊತ್ತಾದ ಕೌಂಟರಿನಲ್ಲಿ ಹಳದಿ ಚೌಕಗಳು ಹಸಿರಿಗೆ ತಿರುಗುವ ಸಾಧ್ಯತೆ ಹೆಚ್ಚು. ಆರು ತಿಂಗಳಿಗೆಂದು ಬಂದ ಅಪ್ಪ ಸರ್ವಿಸ್ ದಿನ ಜೊತೆಗೆ ಬಂದು, ಹಳೇ ಪಾರ್ಟು ಕೊಡಲು ಹೇಳೋ ಎಂದು ದೊಡ್ಡ ದನಿಯಲ್ಲಿ ಕನ್ನಡದಲ್ಲಿ ಹೇಳಿದಾಗ ಮಗ ಕಾಲಡಿಯ ಟೈಲ್ಸು ನೋಡುವ ಅಗತ್ಯವಿಲ್ಲ. ಅಪ್ಪ ರಾಜ್ಯದ ಕಾನೂನನ್ನೇ ಉಲ್ಲೇಖಿಸುತ್ತಿದ್ದಾರೆ. ಉಳಿಯುವ ತಕರಾರು ಸೊಸೆಯದು, ಅದಕ್ಕೆ ನನ್ನ ಬಳಿ ಪರಿಹಾರವಿಲ್ಲ. ಹಿರೇನಲ್ಲೂರಿನ ಮನೆಯಲ್ಲಿ ಇಂಥದ್ದಕ್ಕೆಂದೇ ಅಟ್ಟವಿದೆ. ಫ್ರೀಮಾಂಟಿನ ಗ್ಯಾರೇಜಿನಲ್ಲಿ ಅಕ್ಕಿ ಮೂಟೆಗಳು, ರಾಜ್ಯೋತ್ಸವದ ಬ್ಯಾನರು, ಗೌರಿ ಗಣೇಶನ ಮಂಟಪ, ಊರಿಗೆ ಒಯ್ಯಬೇಕಾದ ಎರಡು ಸೂಟ್‌ಕೇಸು ತುಂಬಿ, ಹೊಸ ಕಾರೇ ಬೀದಿಯಲ್ಲಿ ನಿಂತಿದೆ.